ಬಿಚ್ಚಲು ಬಾರದ ಬಂಡಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ನಮ್ಮ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವುದರ ಬಸ್ ನಿಲ್ದಾಣದಲ್ಲಿ ಇಳಿದರೂ ಕೂಗಳತೆಯ ದೂರದಲ್ಲಿ ಗ್ಯಾರೇಜುಗಳ ಒಂದು ಸಾಲು ಸಿಗುತ್ತದೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೊಳೆಗಳಿಗೆ ನೇತುಹಾಕಿದ ಚೈನು, ಟ್ಯೂಬು, ಕ್ಲಚ್ ವೈರುಗಳು, ಹೊಟ್ಟೆ ಬಗೆದಿಟ್ಟ ಒಂದೆರಡು ಬೈಕುಗಳು. ಅಲ್ಲಿ ನಡೆಯುವ ಮಾತು ಯಾವ ಭಾಷೆಯದೆಂದು ಹೇಳುವುದು ಕಷ್ಟ. ಗಿರಾಕಿ ತೆಲುಗಿನಲ್ಲಿ ಬಂಡಿಯ ಕಾಯಿಲೆ ಹೇಳುತ್ತಾನೆ. ಉಸ್ತಾದ್ ದಖ್ಖನಿಯಲ್ಲಿ ಹುಡುಗನಿಂದ ಪಾನಾ ಕೇಳುತ್ತಾನೆ. ಲೆಕ್ಕ ಕನ್ನಡದಲ್ಲಿ ಆಗುತ್ತದೆ. ಚೌಕಾಸಿ ಜೋರಾದರೆ ತಮಿಳೂ ಬರುತ್ತದೆ. ಇವರನ್ನು ನಾವು ಮಿಸ್ತ್ರಿ ಎನ್ನುತ್ತೇವೆ. ಉರ್ದುವಿನದೆಂದೇ ಎಲ್ಲರೂ ತಿಳಿದಿರುವ ಈ ಪದ ಮೂಲದಲ್ಲಿ ಪೋರ್ಚುಗೀಸರದು. ಅವರ 'ಮೆಸ್ತ್ರೆ', ಅಂದರೆ ಕಸುಬಿನ ಗುರು, ನಮ್ಮ ಬಾಯಲ್ಲಿ ಮಿಸ್ತ್ರಿಯಾದ. ಎಲ್ಲಿಂದಲೋ ಬಂದದ್ದನ್ನು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿ ತನ್ನದು ಮಾಡಿಕೊಳ್ಳುವುದು ಗ್ಯಾರೇಜಿನ ಗುಣವೇ ಇರಬೇಕು.

ಈ ಸಾಲುಗಳಲ್ಲಿ ಮುಸ್ಲಿಮರು ಹೆಚ್ಚಾಗಿ ಕಾಣುತ್ತಾರೆ. ಅದು ಆಕಸ್ಮಿಕವಲ್ಲ. ಸಂಬಳದ ನೌಕರಿಯಲ್ಲಿ ಮುಸ್ಲಿಮರ ಪಾಲು ಕಡಿಮೆ, ಸ್ವಂತ ದುಡಿಮೆಯಲ್ಲಿ ಹೆಚ್ಚು, ಅದರಲ್ಲೂ ವಾಹನ ರಿಪೇರಿಯಂಥ ಕಸುಬುಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚು ಎಂದು 2006ರಲ್ಲೇ ಸಾಚಾರ್ ಸಮಿತಿಯ ವರದಿ ಹೇಳಿತ್ತು. ನೌಕರಿಯ ಬಾಗಿಲು ತೆರೆಯದವರಿಗೆ ಗ್ಯಾರೇಜಿನ ಬಾಗಿಲು ತೆರೆದಿತ್ತು, ಅಷ್ಟೇ. 'ಪಂಕ್ಚರ್ ಹಾಕುವವರು' ಎಂಬುದು ಭಾಷಣಗಳಲ್ಲಿ ಬೈಗುಳವೂ ಆಗಿದೆ. ಬೈಯುವವರ ಬಂಡಿಯೂ ಒಂದಲ್ಲ ಒಂದು ರಾತ್ರಿ ಹೆದ್ದಾರಿಯಲ್ಲಿ ಗಾಳಿ ಕಳೆದುಕೊಳ್ಳುತ್ತದೆ, ಇರಲಿ. ಇದು ಮುಸ್ಲಿಮರದೇ ಮಾತೂ ಅಲ್ಲ. ಅದೇ ಬೆಂಚಿನ ಮೇಲೆ ಆಚಾರಿಗಳ ಹುಡುಗರಿದ್ದಾರೆ, ದಲಿತರ ಹುಡುಗರಿದ್ದಾರೆ, ಮಳೆ ಕೈಕೊಟ್ಟು ಊರು ಬಿಟ್ಟ ರೈತರ ಮಕ್ಕಳಿದ್ದಾರೆ. ನಮ್ಮ ಕನ್ನಡದ ಕಥೆಗಳಲ್ಲಿ ಬೀಡಿ ಕಟ್ಟುವವಳು, ಟೈಲರು, ಕಟುಕ ಎಲ್ಲರೂ ಬಂದುಹೋಗಿದ್ದಾರೆ. ಕಥೆ ಬರೆಯುವ ನಾವು ಮೆಕ್ಯಾನಿಕ್ ಕಡೆಗೆ ಅಷ್ಟಾಗಿ ನೋಡಿಲ್ಲ. ಬಹುಶಃ ಅವನು ಯಾವಾಗಲೂ ಬಂಡಿಯ ಕೆಳಗಿರುವುದರಿಂದ ಇರಬಹುದು.

ಈಗ ಬಂಡಿಯೇ ಬದಲಾಗುತ್ತಿದೆ. ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದಾಗ ಜನ ಅದನ್ನು ಆಟಿಕೆಯೆಂದು ನಕ್ಕರು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕಂಪನಿಯ ದೊಡ್ಡ ಸ್ಕೂಟರ್ ಕಾರ್ಖಾನೆ 2021ರಲ್ಲಿ ಕೆಲಸ ಆರಂಭಿಸಿತು. ಈಚೆಗೆ, ಕೋಲಾರದ ನರಸಾಪುರದಲ್ಲಿ, ಹೊಂಡಾ ಕಂಪನಿ 2013ರಿಂದ ಪೆಟ್ರೋಲ್ ಸ್ಕೂಟರು-ಬೈಕುಗಳನ್ನು ತಯಾರಿಸುತ್ತಿದೆ. ಇದು ಭಾರತದಲ್ಲಿ ಆ ಕಂಪನಿಯ ಮೂರನೆಯ ಕಾರ್ಖಾನೆ. ಅದೇ ಕಂಪನಿ 2024ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತನ್ನ ಎರಡು ವಿದ್ಯುತ್ ಸ್ಕೂಟರುಗಳನ್ನು ಪ್ರದರ್ಶಿಸಿ, ಅವು ನರಸಾಪುರದಲ್ಲೇ ತಯಾರಾಗುತ್ತವೆ ಎಂದು ಹೇಳಿತು. ಅಂದರೆ ಬದಲಾವಣೆ ಅಮೆರಿಕದಿಂದಲೋ ಚೀನಾದಿಂದಲೋ ಬರುತ್ತದೆಂದು ಕಾಯಬೇಕಾಗಿಲ್ಲ. ಅದು ನಮ್ಮದೇ ಹೆದ್ದಾರಿಯ ಪಕ್ಕದಲ್ಲಿ ಕೂತಿದೆ.

ವಿದ್ಯುತ್ ಸ್ಕೂಟರಿನಲ್ಲಿ ಕಾರ್ಬೊರೇಟರ್ ಇಲ್ಲ, ಪಿಸ್ಟನ್ ಇಲ್ಲ, ರಿಂಗ್ ಇಲ್ಲ, ವಾಲ್ವ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಸೈಲೆನ್ಸರ್ ಇಲ್ಲ, ಎಂಜಿನ್ ಆಯಿಲ್ ಬದಲಾಯಿಸುವ ಗೋಜಿಲ್ಲ. ಉಳಿಯುವುದು ಬ್ರೇಕು, ಬೇರಿಂಗು, ಶಾಕ್ ಅಬ್ಸಾರ್ಬರು, ಟೈರು. ಪಂಕ್ಚರ್ ಅಂಗಡಿಯವನು ಬದುಕಿಕೊಳ್ಳುತ್ತಾನೆ. ಇಪ್ಪತ್ತು ವರ್ಷ ಎಂಜಿನ್ನಿನ ಸದ್ದಿಗೆ ಕಿವಿ ಹದಗೊಳಿಸಿಕೊಂಡ ಉಸ್ತಾದನ ಗತಿಯೇನು? ಬಂಡಿ ಬೀದಿಯ ತಿರುವಿನಲ್ಲಿರುವಾಗಲೇ ಟ್ಯಾಪೆಟ್ ಸಡಿಲವೋ, ಚೈನು ಸಡಿಲವೋ ಎಂದು ಹೇಳಬಲ್ಲವನು ಅವನು. ಹೊಸ ಬಂಡಿ ಸದ್ದೇ ಮಾಡುವುದಿಲ್ಲ.

ನಮ್ಮ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಒಂದು ಬದಲಾವಣೆ ಒಟ್ಟಿನಲ್ಲಿ ಎಲ್ಲರಿಗೂ ಒಳ್ಳೆಯದು ಎಂದಿಟ್ಟುಕೊಳ್ಳೋಣ. ಅದರ ನಷ್ಟ ಮಾತ್ರ ಕೆಲವರ ಮೇಲೆ ಬೀಳುತ್ತದೆ. ಆ ಕೆಲವರು ತಪ್ಪೇನೂ ಮಾಡಿಲ್ಲ. ನಿನ್ನೆಯವರೆಗೆ ನಮ್ಮೆಲ್ಲರ ಬಂಡಿ ಓಡಿಸಿದವರೇ ಅವರು. ಹೀಗಿರುವಾಗ ಲಾಭ ಪಡೆದ ಹಲವರು ನಷ್ಟವಾದ ಕೆಲವರಿಗೆ ಏನಾದರೂ ಕೊಡಬೇಕಾದುದು ಇದೆಯೇ? ಇದ್ದರೆ ಅದು ದಾನವೋ, ಸಾಲವೋ?

ಒಟ್ಟಿನಲ್ಲಿ ಒಳ್ಳೆಯದು ಎಂಬ ಮಾತನ್ನು ನಾವು ಸುಮ್ಮನೆ ಒಪ್ಪುತ್ತಿಲ್ಲ. ಪೆಟ್ರೋಲಿನ ಪರವಾಗಿ ವಕಾಲತ್ತು ವಹಿಸುವುದು ಪ್ರಾಮಾಣಿಕ ಮನುಷ್ಯನಿಗೆ ಕಷ್ಟ. 2000ದವರೆಗೂ ನಮ್ಮ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಮಕ್ಕಳ ಮಿದುಳಿಗೆ ಅದು ವಿಷ. ಗ್ಯಾರೇಜಿನ ಹುಡುಗ ಟ್ಯಾಂಕಿಗೆ ಪೈಪು ಇಳಿಸಿ ಬಾಯಲ್ಲಿ ಎಳೆದು ಪೆಟ್ರೋಲ್ ಉಗುಳುವುದನ್ನು ನೋಡದವರಿಲ್ಲ. ತೆಗೆದ ಆಯಿಲು ಮೋರಿಗೆ ಹೋಗುತ್ತದೆ, ಮೋರಿ ಕೆರೆಗೆ ಹೋಗುತ್ತದೆ. ಕೆರೆಗಳನ್ನೇ ನಂಬಿದ, ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಇನ್ನು ಆಕಾಶಕ್ಕೆ ಹೋದ ಹೊಗೆ. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ. ಹೂ ಬಿಡುವ ಕಾಲದಲ್ಲಿ ಮಳೆ, ಮಳೆ ಬರಬೇಕಾದಾಗ ಬಿಸಿಲು, ಕಾಯಿ ಕಟ್ಟುವ ಹೊತ್ತಿಗೆ ಆಲಿಕಲ್ಲು. ಒಂದೊಂದು ಮಳೆಗೂ ಒಂದೊಂದು ಸ್ಕೂಟರನ್ನು ಹೊಣೆ ಮಾಡಲಾಗದು, ನಿಜ. ಆದರೆ ಭೂಮಿ ಬಿಸಿಯಾಗುತ್ತಿರುವುದಕ್ಕೂ ನಾವು ಸುಡುವ ಎಣ್ಣೆಗೂ ಸಂಬಂಧವಿದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಹಾಗಾದರೆ ನೋಡಿ: ಕಾಯಿಲೆಯ ಬೆಲೆಯನ್ನು ಶ್ರೀನಿವಾಸಪುರದ ಮಾವಿನವನು ತೆತ್ತ, ಚಿಕಿತ್ಸೆಯ ಬೆಲೆಯನ್ನು ಮುಳಬಾಗಿಲಿನ ಮೆಕ್ಯಾನಿಕ್ ತೆರುತ್ತಾನೆ. ಎರಡರಿಂದಲೂ ಲಾಭ ಪಡೆದವರು ಬೇರೆಯೇ ಜನ.

ವಿದ್ಯುತ್ ಬಂಡಿ ಪೂರ್ತಿ ಹಾಲಿನಷ್ಟು ಬಿಳುಪೂ ಅಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದು ನಿಂತಿಲ್ಲ. ಕೆಲವು ಬಗೆಯ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ್ದು, ಅಲ್ಲಿನ ಗುಂಡಿಗಳಲ್ಲಿ ಮಕ್ಕಳೂ ಅಗೆಯುತ್ತಾರೆ. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಬಂದವರ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ತೂಗಿ ನೋಡಿದರೆ ತಕ್ಕಡಿ ವಿದ್ಯುತ್ತಿನ ಕಡೆಗೇ ವಾಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪೆಟ್ರೋಲು ಹೋಗಲಿ. ಅದರ ಜೊತೆಗೆ ಯಾರು ಯಾರು ಹೋಗಬೇಕು ಎಂಬುದಷ್ಟೇ ಪ್ರಶ್ನೆ.

ಇಂಥ ಮಾತು ತೆಗೆದಾಗಲೆಲ್ಲ ಒಂದು ಸಿದ್ಧ ಉತ್ತರ ಬರುತ್ತದೆ: 'ಜಟಕಾ ಹೋಗಲಿಲ್ಲವೇ?' ಹೌದು, ಹೋಯಿತು. ನಮ್ಮ ಊರುಗಳಲ್ಲಿ ಜಟಕಾ ಸಾಬರಿದ್ದರು, ಕುದುರೆಗೆ ಲಾಳ ಕಟ್ಟುವ ನಾಲಬಂದರಿದ್ದರು, ಹುಲ್ಲು ಮಾರುವ ಹೆಂಗಸರಿದ್ದರು. ಆಟೋರಿಕ್ಷಾ ಬಂದು ಅವರೆಲ್ಲ ಇಲ್ಲವಾದರು. ಯಾರೂ ಲೇಖನ ಬರೆಯಲಿಲ್ಲ. ಜಟಕಾದವನ ಮಗ ಆಟೋ ಹಿಡಿದ, ನಾಲಬಂದನ ಮಗ ವೆಲ್ಡಿಂಗ್ ಕಲಿತ, ಬದುಕು ನಡೆಯಿತು. ಮಾಲೂರಿನ ಹೆಂಚು ಕೂಡ ಆರ್‌ಸಿಸಿ ಮನೆಗಳ ಮುಂದೆ ಹೀಗೆಯೇ ಸೋತಿತು.

ಈ ಉತ್ತರದಲ್ಲಿ ಸತ್ಯವಿದೆ, ಆದರೆ ಒಂದು ಅಂಶವನ್ನು ಅದು ಬಚ್ಚಿಡುತ್ತದೆ. ಆಟೋ ಬಂದಾಗ ಅದು ತನ್ನ ಜೊತೆಗೆ ಒಂದು ತೆರೆದ ಬಾಗಿಲನ್ನೂ ತಂದಿತು. ಅದರ ಎಂಜಿನ್ ಮುಚ್ಚಿಟ್ಟ ವಿದ್ಯೆಯಾಗಿರಲಿಲ್ಲ. ಓದು ಬಾರದವನೂ ಬಿಚ್ಚಿ ನೋಡಬಹುದಿತ್ತು, ನೋಡಿ ಕಲಿಯಬಹುದಿತ್ತು. ಕುದುರೆ ಕಳೆದುಕೊಂಡವನಿಗೆ ಪಾನಾ ಸಿಕ್ಕಿತು.

ಬಾಗಿಲು ತೆರೆಯದ ಬದಲಾವಣೆಯ ಉದಾಹರಣೆಯೂ ನಮ್ಮಲ್ಲೇ ಇದೆ, ಅದೂ ವಿದ್ಯುತ್ತಿನದೇ. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಯ ಉಗಿಯಂತ್ರಗಳ ಜಾಗಕ್ಕೆ ಮೋಟಾರುಗಳು ಬಂದವು. ಸುಡುವ ಯಂತ್ರ ಹೋಗಿ ವಿದ್ಯುತ್ ಯಂತ್ರ ಬರುವ ಈ ಕಥೆ ನಮ್ಮ ಜಿಲ್ಲೆಯಲ್ಲಿ ನಡೆದು ನೂರಿಪ್ಪತ್ತು ವರ್ಷ ದಾಟಿದೆ. ಚರಿತ್ರೆಯಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರಿದೆ, ಇಂಜಿನಿಯರ್ ಲಾಟ್‌ಬಿನಿಯರ್ ಹೆಸರಿದೆ. ಉಗಿಯಂತ್ರಕ್ಕೆ ಬೆಂಕಿ ಒಟ್ಟುತ್ತಿದ್ದವನ ಹೆಸರಿಲ್ಲ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಆಮೇಲೂ ದಶಕಗಟ್ಟಲೆ ಸೀಮೆಎಣ್ಣೆ ದೀಪದಲ್ಲೇ ಉಳಿದವು. ಬೆಳಕು ತಲೆಯ ಮೇಲೆ ಹಾದುಹೋಗುವುದು ಬೇರೆ, ಮನೆಗೆ ಬರುವುದು ಬೇರೆ.

ಅದೇ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚಾಗಿತ್ತು, ಮುಚ್ಚಿದ್ದು ಲೆಕ್ಕಕ್ಕೆ ಸರಿಯೇ ಇರಬಹುದು. ಆದರೆ ನಾಲ್ಕೈದು ತಲೆಮಾರು ನೆಲದೊಳಗಿನ ಬಂಡೆಯ ಗುಣ ತಿಳಿದಿದ್ದವರ ವಿದ್ಯೆ ಒಂದೇ ದಿನದಲ್ಲಿ ಬೆಲೆಯಿಲ್ಲದ್ದಾಯಿತು. ಅವರ ಮಕ್ಕಳು ಇಂದಿಗೂ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಅವರ ಬೆನ್ನ ಹಿಂದೆ ಸಯನೈಡ್ ದಿಬ್ಬಗಳು ಹಾಗೆಯೇ ನಿಂತಿವೆ. 'ಏನಾದರೂ ಮಾಡಿ ಬದುಕಿಕೊಳ್ಳುತ್ತಾರೆ' ಎಂಬ ಮಾತು ಕೆಜಿಎಫ್ ವಿಷಯದಲ್ಲಿ ಸುಳ್ಳಾಗಲಿಲ್ಲ, ಬದುಕಿಕೊಂಡರು. ಹೇಗೆ ಬದುಕಿಕೊಂಡರು ಎಂಬುದನ್ನು ಮಾತ್ರ ಆ ಮಾತು ಹೇಳುವುದಿಲ್ಲ.

ಕೈಕಸುಬಿನ ಬಗ್ಗೆ ತುಂಬ ಹಿಂದೆಯೇ ಯೋಚಿಸಿದವನು ಇಬ್ನ್ ಖಲ್ದೂನ್. 1377ರಲ್ಲಿ ಬರೆದ 'ಮುಖದ್ದಿಮಾ'ದಲ್ಲಿ ಅವನು ಕಸುಬುಗಳಿಗೆಂದೇ ಹಲವು ಅಧ್ಯಾಯ ಮೀಸಲಿಟ್ಟ. ಕಸುಬು ಎಂದರೆ ಬರೀ ಮಾಹಿತಿಯಲ್ಲ. ಮತ್ತೆ ಮತ್ತೆ ಮಾಡಿ ಮನುಷ್ಯನೊಳಗೆ ಬೇರೂರಿದ ಒಂದು ಅಭ್ಯಾಸ ಎನ್ನುತ್ತಾನೆ. ಊರಿಗೆ ಬೇಕಿರುವವರೆಗೆ ಕಸುಬು ಬೆಳೆಯುತ್ತದೆ, ಬೇಡವಾದಾಗ ಬಾಡುತ್ತದೆ ಎಂದೂ ಹೇಳುತ್ತಾನೆ. ಅವನ ಇನ್ನೊಂದು ಮಾತು ಕಠೋರವಾದುದು: ಒಂದು ಕಸುಬು ಪೂರ್ತಿ ಮೈಗೂಡಿದವನಿಗೆ ಇನ್ನೊಂದು ಅಷ್ಟೇ ಚೆನ್ನಾಗಿ ಒಲಿಯುವುದು ಅಪರೂಪ, ಹೊಲಿಗೆಯಲ್ಲಿ ಪಳಗಿದವನು ಬಡಗಿ ಕೆಲಸದಲ್ಲಿ ಪಳಗಲಾರ. ಮನಸ್ಸು ಮೊದಲ ಬಣ್ಣ ಹಿಡಿದ ಬಟ್ಟೆಯಂತೆ ಎಂಬ ಅರ್ಥ ಅವನದು.

ಉಸ್ತಾದರ ಉಸ್ತಾದನಿಗೆ ಎದುರಾಡುವುದು ಸಣ್ಣ ಮಾತಲ್ಲ. ಆದರೂ ನಮ್ಮ ಗ್ಯಾರೇಜುಗಳನ್ನು ಕಂಡಿದ್ದರೆ ಅವನು ಆ ಅಧ್ಯಾಯಕ್ಕೆ ಒಂದು ಟಿಪ್ಪಣಿ ಸೇರಿಸುತ್ತಿದ್ದನೇನೋ. ನಮ್ಮ ಮಿಸ್ತ್ರಿಗಳು ಲ್ಯಾಂಬ್ರೆಟಾ, ರಾಜದೂತ್, ಯೆಜ್ಡಿಗಳಲ್ಲಿ ಕೈ ಪಳಗಿಸಿಕೊಂಡವರು. 1980ರ ದಶಕದಲ್ಲಿ ಹೀರೊ ಹೊಂಡಾ ಬಂದಾಗ ಎರಡು ಸ್ಟ್ರೋಕ್ ಬಿಟ್ಟು ನಾಲ್ಕು ಸ್ಟ್ರೋಕಿನ ಎಂಜಿನ್ ಕಲಿತರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದು ಹೊಸ ಬಂಡಿಗಳಿಂದ ಕಾರ್ಬೊರೇಟರೇ ಮಾಯವಾಗುತ್ತ ಹೋಯಿತು. ಫ್ಯುಯೆಲ್ ಇಂಜೆಕ್ಷನ್ ಬಂತು. ಲಾಕ್‌ಡೌನಿನ ಆ ದಿನಗಳಲ್ಲಿ ಈ ಹೊಡೆತ ಯಾರ ಗಮನಕ್ಕೂ ಬರಲಿಲ್ಲ. ಹಲವರು ಸ್ಕ್ಯಾನರ್ ಕೊಂಡು ಅದನ್ನೂ ಕಲಿತರು. ಹಾಗಾಗಿ ಬಟ್ಟೆ ಹೊಸ ಬಣ್ಣ ಹಿಡಿಯುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಬಣ್ಣದ ಡಬ್ಬಿಗೆ ಬೀಗ ಹಾಕಿದ್ದರೆ ಮಾತು ಬೇರೆ.

ನಮ್ಮ ಚಿಂತೆ ಈ ಬೀಗದ್ದು. ವಿದ್ಯುತ್ ಮೋಟಾರು ಕಷ್ಟದ ವಸ್ತುವೇನಲ್ಲ. ಬೋರ್‌ವೆಲ್ ಮೋಟಾರ್ ಸುತ್ತುವವರು ನಮ್ಮ ಪ್ರತಿ ಹೋಬಳಿಯಲ್ಲೂ ಇದ್ದಾರೆ. ಸಾವಿರ ಅಡಿ ಆಳದಿಂದ ನೀರೆತ್ತುವ ಜಿಲ್ಲೆಗೆ ಮೋಟಾರಿನ ಭಯವೇ? ಹೊಸ ಸ್ಕೂಟರಿನ ಕಷ್ಟ ಇರುವುದು ಅದರ ತಂತ್ರಾಂಶದಲ್ಲಿ. ಬಂಡಿ ನಿಂತರೆ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯ ಅರ್ಥ ಕಂಪನಿಯ ಲ್ಯಾಪ್‌ಟಾಪಿಗೆ ಗೊತ್ತು. ಒಂದು ಬಿಡಿಭಾಗ ಬದಲಾಯಿಸಿದರೂ ಅದನ್ನು ಬಂಡಿ ಒಪ್ಪಿಕೊಳ್ಳಬೇಕಾದರೆ ಹಲವು ಬಾರಿ ಕಂಪನಿಯ ಅಪ್ಪಣೆ ಬೇಕು. ಹೊಂಡಾ ತೋರಿಸಿದ ಎರಡು ಸ್ಕೂಟರುಗಳಲ್ಲಿ ಒಂದರ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವಂತೆಯೇ ಇಲ್ಲ. ಕಂಪನಿಯ ಕೇಂದ್ರಕ್ಕೆ ಹೋಗಿ ಬದಲಿ ಬ್ಯಾಟರಿ ತರಬೇಕು. ಬ್ಯಾಟರಿ ಕೊಂಡವನದಲ್ಲ, ಬಾಡಿಗೆಯದು. ಇದರಲ್ಲಿ ಅನುಕೂಲವೂ ಇದೆ, ಬಂಡಿಯ ಬೆಲೆ ಇಳಿಯುತ್ತದೆ, ಕಾಯುವುದು ತಪ್ಪುತ್ತದೆ. ಆದರೆ ಕೊಳ್ಳುವುದು ಎಂಬ ಹಳೆಯ ಮಾತಿನ ಅರ್ಥವೇ ಇಲ್ಲಿ ಸದ್ದಿಲ್ಲದೆ ಬದಲಾಗಿದೆ. ಬಿಚ್ಚಲು ಹಕ್ಕಿಲ್ಲದ ವಸ್ತು ನಮ್ಮದು ಹೇಗಾದೀತು?

ಒಂದು ಹೋಲಿಕೆ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅದರ ಯೆಜ್ಡಿಗಳು ಸಾಯಲಿಲ್ಲ. ಊರೂರಿನ ಮಿಸ್ತ್ರಿಗಳು ಲೇತ್ ಯಂತ್ರದಲ್ಲಿ ಬಿಡಿಭಾಗ ಕಡೆಸಿ, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ ಅವುಗಳನ್ನು ದಶಕಗಳ ಕಾಲ ಓಡಿಸಿದರು. ಹುಟ್ಟಿಸಿದ ಕಂಪನಿ ಸತ್ತ ಮೇಲೂ ಬಂಡಿ ಬದುಕಿತು. ಇತ್ತ ಅಮೆರಿಕದ ಫಿಸ್ಕರ್ ಎಂಬ ವಿದ್ಯುತ್ ಕಾರಿನ ಕಂಪನಿ 2024ರಲ್ಲಿ ದಿವಾಳಿಯೆದ್ದಾಗ, ಕಾರು ಕೊಂಡವರು ತಮ್ಮ ಹೊಚ್ಚಹೊಸ ಕಾರಿನ ತಂತ್ರಾಂಶವನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕಂಗಾಲಾಗಿ ಸಂಘ ಕಟ್ಟಿಕೊಳ್ಳಬೇಕಾಯಿತು. ಮಿಸ್ತ್ರಿ ಇಲ್ಲದ ಬಂಡಿಯ ಆಯುಷ್ಯ ಕಂಪನಿಯ ಆಯುಷ್ಯದಷ್ಟೇ.

ಬೀಗದ ಸಿಟ್ಟು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಮೂಲೆಯ ಘಟನೆ ನೆನಪಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಒಬ್ಬ ಯುವಕ, ಕೊಂಡು ಸ್ವಲ್ಪ ದಿನವೂ ಆಗದ ತನ್ನ ವಿದ್ಯುತ್ ಸ್ಕೂಟರ್ ಪದೇ ಪದೇ ಕೆಟ್ಟು, ಎಷ್ಟು ಅಲೆದರೂ ಸರಿಹೋಗದೆ, ಓಲಾ ಷೋರೂಮಿಗೆ ಬೆಂಕಿ ಹಚ್ಚಿದ. ಪೊಲೀಸರು ಬಂಧಿಸಿದರು, ಬಂಧಿಸಬೇಕಾದದ್ದೇ. ಬೆಂಕಿ ಹಚ್ಚುವುದನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸಲಾರೆವು. ಆದರೆ ಪತ್ರಿಕೆಗಳ ವರದಿಯಲ್ಲಿ ಒಂದು ಸಣ್ಣ ವಿವರವಿತ್ತು: ಅವನು ವೃತ್ತಿಯಿಂದ ಮೆಕ್ಯಾನಿಕ್. ಊರವರ ಬಂಡಿಗಳನ್ನೆಲ್ಲ ಬಿಚ್ಚಿ ಜೋಡಿಸುವವನು ತನ್ನ ಬಂಡಿಯನ್ನು ಮಾತ್ರ ಕಂಪನಿಯ ಬಾಗಿಲಿಗೆ ತಳ್ಳಿಕೊಂಡು ಹೋಗಿ ಕಾಯಬೇಕಾಗಿತ್ತು. ಅವನು ಬೆಂಕಿ ಹಚ್ಚಲು ಬಳಸಿದ್ದು ಪೆಟ್ರೋಲು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ಗ್ರಾಹಕರ ಸಹಾಯವಾಣಿಗೆ ಬಂದಿದ್ದ ದೂರುಗಳು ಹತ್ತು ಸಾವಿರಕ್ಕೂ ಹೆಚ್ಚು.

ಕಂಪನಿಗಳ ಕಡೆಯ ವಾದವೂ ಇದೆ, ಅದನ್ನು ಕೇಳಬೇಕು. ಲಿಥಿಯಂ ಬ್ಯಾಟರಿಯನ್ನು ತಿಳಿಯದವನು ಬಿಚ್ಚಿದರೆ ಬೆಂಕಿ ಏಳಬಹುದು. ವಿದ್ಯುತ್ ಕಾರುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ, ಮುಟ್ಟಿದರೆ ಪ್ರಾಣ ಹೋಗುತ್ತದೆ. ಇದು ನೆಪವಲ್ಲ, ನಿಜ. ಆದರೆ ಕಂಬ ಹತ್ತುವ ಲೈನ್‌ಮನ್ ಕೂಡ ಪ್ರಾಣದ ಜೊತೆಗೇ ಆಡುತ್ತಾನೆ. ಅದಕ್ಕಾಗಿ ಕಂಬಗಳಿಗೆ ಬೀಗ ಹಾಕಿ ಕೂರಲಿಲ್ಲ, ಹುಡುಗರಿಗೆ ಕಲಿಸಿದೆವು. ಅಪಾಯಕ್ಕೆ ಉತ್ತರ ವಿದ್ಯೆಯೇ ಹೊರತು ಗುಟ್ಟಲ್ಲ.

ಕಲಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಐಟಿಐಗಳಲ್ಲಿ ವಿದ್ಯುತ್ ವಾಹನ ಮೆಕ್ಯಾನಿಕ್ ಎಂಬ ತರಬೇತಿಯೇ ಬಂದಿದೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸದು ಮಾಡಿದ್ದಾರೆ. ಆದರೆ ಆ ತರಬೇತಿಗೆ ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು. ನಲವತ್ತೈದರ ಉಸ್ತಾದ್ ಓದು ಬಿಟ್ಟದ್ದು ಆರನೆಯಲ್ಲೋ ಏಳನೆಯಲ್ಲೋ. ಅವನು ಹದಿನೆಂಟರ ಹುಡುಗರ ಪಕ್ಕದಲ್ಲಿ ಅಂಗಡಿಗೆ ಬೀಗ ಹಾಕಿ ಎರಡು ವರ್ಷ ಬೆಂಚಿನ ಮೇಲೆ ಕೂರಬೇಕೇ? ಅನುಭವದಿಂದ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೇಂದ್ರದ ಕೌಶಲ ಯೋಜನೆಯಲ್ಲಿ ಇದೆ. ಅದನ್ನು ಗ್ಯಾರೇಜಿನ ಸಾಲಿಗೆ, ರಾತ್ರಿ ತರಗತಿಯಾಗಿ, ಅವನಿಗೆ ತಿಳಿಯುವ ಭಾಷೆಯಲ್ಲಿ ತರಬೇಕಾದ ಕೆಲಸ ಬಾಕಿಯಿದೆ.

ಇಲ್ಲಿ ನಮ್ಮವರಿಗೇ ಹೇಳಬೇಕಾದ ಒಂದು ಕಹಿ ಮಾತೂ ಇದೆ. ಉಸ್ತಾದ್-ಶಾಗಿರ್ದ್ ಸಂಬಂಧವನ್ನು ನಾವು ಬಹಳ ಹೊಗಳುತ್ತೇವೆ. ಅದರಲ್ಲಿ ಹೊಗಳುವಂಥದ್ದು ಇದ್ದೇ ಇದೆ. ಫೀಜು ಇಲ್ಲದೆ, ಅರ್ಜಿ ಇಲ್ಲದೆ, ಜಾತಿ ಕೇಳದೆ ಒಂದು ಬಾಳಿನ ವಿದ್ಯೆ ಕೈಯಿಂದ ಕೈಗೆ ದಾಟುತ್ತಿತ್ತು. ಆದರೆ ಆ ಶಾಗಿರ್ದ್ ಎಷ್ಟು ವರ್ಷದವನು? ಹನ್ನೊಂದು, ಹನ್ನೆರಡು. ಚೀಲ ಬಿಟ್ಟು ಪಾನಾ ಹಿಡಿದವನು. ವರ್ಷಗಟ್ಟಲೆ ಚಹಾ ತಂದು, ಸೀಮೆಎಣ್ಣೆಯಲ್ಲಿ ನಟ್ಟು ತೊಳೆದು, ಏಟು ತಿಂದು, ಈದ್‌ಗೆ ಒಂದು ಜೊತೆ ಬಟ್ಟೆ ಪಡೆದವನು. 2016ರ ತಿದ್ದುಪಡಿ ಹದಿನಾಲ್ಕರ ಕೆಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ನಿಷೇಧಿಸಿತು. ಉಸ್ತಾದರ ಪರವಾಗಿ ವಾದಿಸುವ ನಾವು ಆ ಹುಡುಗನ ಪರವಾಗಿಯೂ ವಾದಿಸಲೇಬೇಕು. ವಿದ್ಯುತ್ ಬಂಡಿ ಏಳನೆಯ ತರಗತಿ ಬಿಟ್ಟವನನ್ನು ಹೊರಗಿಟ್ಟರೆ ಅದು ಒಂದು ರೀತಿಯಲ್ಲಿ ಅವನ ತಂದೆಯನ್ನು ಶಾಲೆಯ ಕಡೆಗೆ ತಳ್ಳುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಶಾಲೆಯಿಂದ ಬಿದ್ದವನನ್ನು ಹಿಡಿಯುತ್ತಿದ್ದ ಒಂದು ಬಲೆಯೂ ಹರಿಯುತ್ತದೆ. ಎರಡೂ ನಿಜ. ಇವೆರಡರಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂಬುದು ನಮ್ಮ ಉರ್ದು ಶಾಲೆಗಳ ಎಂಟು, ಒಂಬತ್ತನೆಯ ತರಗತಿಗಳಲ್ಲಿ ಎಷ್ಟು ಹುಡುಗರು ಉಳಿಯುತ್ತಾರೆ ಎಂಬುದರ ಮೇಲಿದೆ.

ಈಗ ದಾನವೋ ಸಾಲವೋ ಎಂಬ ಪ್ರಶ್ನೆಗೆ ಬರೋಣ. ಆಪತ್ತು ಬೇರೆ, ಅನ್ಯಾಯ ಬೇರೆ. ಸಿಡಿಲು ಬಡಿದರೆ ಅದು ಆಪತ್ತು. ನೆರೆಯವರು ಕರುಣೆಯಿಂದ ನೆರವಾಗುತ್ತಾರೆ. ಒಬ್ಬನ ಕೈಯಿಂದ ಇನ್ನೊಬ್ಬನಿಗೆ ನಷ್ಟವಾದರೆ ಅದು ತೀರಿಸಬೇಕಾದ ಬಾಕಿ. ಜಟಕಾ ಹೋದದ್ದು ಹೆಚ್ಚುಕಡಿಮೆ ಮೊದಲ ಬಗೆಯದು, ಯಾರೂ ತೀರ್ಮಾನಿಸಿ ಮಾಡಿದ್ದಲ್ಲ. ಪೆಟ್ರೋಲಿನದು ಹಾಗಲ್ಲ. ಸರ್ಕಾರ ಬೇಕೆಂದೇ, ಒಳ್ಳೆಯ ಕಾರಣಕ್ಕೇ, ಬದಲಾವಣೆಯನ್ನು ತ್ವರೆಗೊಳಿಸುತ್ತಿದೆ. 2019ರ ಫೇಮ್ ಎರಡನೆಯ ಹಂತಕ್ಕೆ 10,000 ಕೋಟಿ ರೂಪಾಯಿ ಇಟ್ಟರು. 2024ರ ಪಿಎಂ ಇ-ಡ್ರೈವ್ ಯೋಜನೆಗೆ 10,900 ಕೋಟಿ. ಈ ಹಣ ಬಂಡಿಗಳ ಬೆಲೆ ಇಳಿಸಲು, ಬಸ್ಸುಗಳಿಗೆ, ಚಾರ್ಜಿಂಗ್ ಕೇಂದ್ರಗಳಿಗೆ ಎಂದು ಗೊತ್ತುಮಾಡಿದ್ದು. ರಸ್ತೆಬದಿಯ ಗ್ಯಾರೇಜಿಗೆಂದು ಅದರಲ್ಲಿ ಒಂದು ಬಾಬ್ತು ಇಲ್ಲ. ಈ ಹಣದಲ್ಲಿ ಮೆಕ್ಯಾನಿಕ್ ಕೊಟ್ಟ ತೆರಿಗೆಯೂ ಇದೆ. ಅವನ ಕಸುಬು ಬೇಗ ಮುಗಿಯಲು ಅವನೇ ಚಂದಾ ಕೊಟ್ಟಂತಾಯಿತು. ಆದುದರಿಂದ ಇದು ದಾನದ ಮಾತಲ್ಲ.

ನರಸಾಪುರದಲ್ಲಿ ಕೈಗಾರಿಕೆಗೆ ಭೂಮಿ ಹೋದಾಗ ಸಾಕೋ ಸಾಲದೋ ಪರಿಹಾರವೆಂಬುದೊಂದಿತ್ತು. ಭೂಮಿಗೆ ಸರ್ವೆ ನಂಬರ್ ಇತ್ತು, ಪಹಣಿ ಇತ್ತು. ಕೈಯಲ್ಲಿರುವ ಹುನರಿಗೆ ಪಹಣಿ ಇಲ್ಲ. ಇಲ್ಲವೆಂಬ ಮಾತ್ರಕ್ಕೆ ಅದು ಆಸ್ತಿಯಲ್ಲ ಎನ್ನಲಾದೀತೆ? ಇಪ್ಪತ್ತು ವರ್ಷ ಉತ್ತು ಹದ ಮಾಡಿದ ಹೊಲವೇ ಅದು.

ಬಾಕಿ ತೀರಿಸಲು ನಗದು ಹಂಚಬೇಕೆಂದು ನಾವು ಹೇಳುತ್ತಿಲ್ಲ. ಗ್ಯಾರೇಜಿನವರು ಅದನ್ನು ಕೇಳಿಯೂ ಇಲ್ಲ. ಬೀಗ ತೆಗೆದರೆ ಅರ್ಧ ಸಾಲ ತೀರಿದಂತೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಕಂಪನಿಯ ಸೇವಾ ಕೇಂದ್ರಕ್ಕೆ ಸಿಗುವ ರಿಪೇರಿ ಮಾಹಿತಿ ಬೀದಿಯ ಮೆಕ್ಯಾನಿಕ್‌ಗೂ ಸಿಗಬೇಕೆಂದು 2012ರಲ್ಲೇ ಕಾನೂನು ಮಾಡಿತು. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು, ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯ ಆರಂಭ. ಆದರೆ ಪೋರ್ಟಲ್ ಕಾನೂನಲ್ಲ. ಸಾರ್ವಜನಿಕರ ಹಣದ ಸಹಾಯಧನ ಪಡೆಯುವ ಪ್ರತಿ ಬಂಡಿಯ ದೋಷ-ಸಂಖ್ಯೆಗಳ ಅರ್ಥ, ಅದರ ಸರ್ವಿಸ್ ಪುಸ್ತಕ, ಬಿಡಿಭಾಗ ಇವೆಲ್ಲ ಸಾರ್ವಜನಿಕರಿಗೆ ಸಿಗಬೇಕು ಎಂದು ಷರತ್ತು ಹಾಕಲು ಯಾವ ದೊಡ್ಡ ತತ್ವಜ್ಞಾನವೂ ಬೇಡ. ಪುಸ್ತಕ ಕನ್ನಡದಲ್ಲಿರಲಿ. ಉರ್ದುವಿನಲ್ಲೂ ಇದ್ದರೆ ಇನ್ನೂ ಒಳ್ಳೆಯದು.

ಬೀಗವಿಲ್ಲದ ಕಡೆ ಏನಾಗುತ್ತದೆ ಎಂಬುದು ಈಗಾಗಲೇ ಕಾಣುತ್ತಿದೆ. ಲೈಸೆನ್ಸ್ ಬೇಡದ, ಗಂಟೆಗೆ 25 ಕಿಲೋಮೀಟರ್ ಮೀರದ ಅಗ್ಗದ ವಿದ್ಯುತ್ ಸ್ಕೂಟರುಗಳು ಬಂದಿವೆಯಲ್ಲ, ಅವುಗಳ ಒಳಗೆ ಅಂಥ ಗುಟ್ಟೇನಿಲ್ಲ. ಮೋಟಾರು, ಬ್ಯಾಟರಿ, ನಡುವೆ ಕಂಟ್ರೋಲರ್ ಎಂಬ ಒಂದು ಡಬ್ಬಿ. ಇಂಥವನ್ನು ಬಿಚ್ಚಲು ಹಳೆಯ ಗ್ಯಾರೇಜುಗಳು ಹಿಂಜರಿಯುವುದಿಲ್ಲ. ಪಾನಾದ ಪಕ್ಕದಲ್ಲಿ ಒಂದು ಮಲ್ಟಿಮೀಟರ್ ಬಂದು ಕೂತಿದೆ. ಡಬ್ಬಿ ಕೆಟ್ಟರೆ ಬೇರೆ ಡಬ್ಬಿ, ವೈರಿನ ಬಣ್ಣ ಹೊಂದದಿದ್ದರೆ ಒಂದೊಂದಾಗಿ ಮುಟ್ಟಿಸಿ ನೋಡುವುದು, ಚಕ್ರ ಹಿಂದಕ್ಕೆ ತಿರುಗಿದರೆ ಎರಡು ವೈರು ಅದಲುಬದಲು. ಸಾಮಾನು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದವರು ಈಗ ಪಿಸ್ಟನ್ ಕಿಟ್ಟಿನ ಜೊತೆಗೆ ಪಕ್ಕದ ಎಸ್.ಪಿ. ರಸ್ತೆಗೂ ತಿರುಗಿ ಒಂದೆರಡು ಕಂಟ್ರೋಲರ್ ಚೀಲಕ್ಕೆ ಹಾಕಿಕೊಂಡು ಕೋಲಾರದ ಬಸ್ ಹತ್ತುತ್ತಾರೆ.